ಅಕ್ಕಿ ರೊಟ್ಟಿ ಬಿಡಬೇಕಾ? ಶುಗರ್ ಇರುವವರ ಬೆಳಗಿನ ತಿಂಡಿಗೆ ಕೊಡಗಿನ ಮಾರ್ಗದರ್ಶಿ

"ಶುಗರ್ ಬಂದಿದೆ, ಇನ್ನು ಅಕ್ಕಿ ರೊಟ್ಟಿ ಬಿಡಬೇಕಾ?" ಮಡಿಕೇರಿ, ಪೊನ್ನಂಪೇಟೆ, ಸೋಮವಾರಪೇಟೆ, ಎಲ್ಲಿಂದ ಕೇಳಿದರೂ ಪ್ರಶ್ನೆ ಇದೇ. ಸ್ವಲ್ಪ ಬದಲಾದರೆ ರೊಟ್ಟಿಯ ಜಾಗದಲ್ಲಿ ಕಡಂಬುಟ್ಟು (ಅಕ್ಕಿ ತರಿಯ ಹಬೆ ಉಂಡೆ) ಅಥವಾ ನೂಪುಟ್ಟು (ಅಕ್ಕಿ ಶ್ಯಾವಿಗೆ) ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ರೊಟ್ಟಿ ಬಿಡಬೇಕಾಗಿಲ್ಲ. ಎಷ್ಟು ರೊಟ್ಟಿ, ಅದರ ಜೊತೆ ಏನು, ಅದಕ್ಕೂ ಮೊದಲು ಹೊಟ್ಟೆಗೆ ಏನು ಹೋಯಿತು, ಈ ಮೂರು ಬದಲಾಗಬೇಕು. ಬದಲಾವಣೆ ಕೆಲಸ ಮಾಡಿತೋ ಇಲ್ಲವೋ ಅಂತ ಹೇಳುವುದು ನಿಮ್ಮ ಮನೆಯ ಗ್ಲುಕೋಮೀಟರ್, ಅಂದರೆ ರಕ್ತದ ಸಕ್ಕರೆ ಅಳೆಯುವ ಮೀಟರ್. ನಾನೂ ಅಲ್ಲ, ಪಕ್ಕದ ಮನೆಯವರೂ ಅಲ್ಲ.

ಮೊದಲು ಎರಡು ಮಾತು

ತಿಂದ ಮೇಲೆ ರಕ್ತದಲ್ಲಿ ಸಕ್ಕರೆ ಏರುವುದು ಎಲ್ಲರಿಗೂ ಸಹಜ. ಬೇಗ ಏರಿ, ತುಂಬಾ ಮೇಲೆ ಹೋಗಿ, ಗಂಟೆಗಟ್ಟಲೆ ಇಳಿಯದೆ ನಿಂತರೆ ಅದು ತೊಂದರೆ. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 100ರಿಂದ 125ರವರೆಗೆ ಇದ್ದರೆ ಗಡಿಯಲ್ಲಿದ್ದೀರಿ. ಲ್ಯಾಬ್ ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ 126 ಅಥವಾ ಅದಕ್ಕಿಂತ ಮೇಲೆ ಬಂದರೆ ಮಧುಮೇಹ. ಈ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿರುವ ಸಕ್ಕರೆಯ ಮಿಲಿಗ್ರಾಂ ಲೆಕ್ಕ. ಮಧುಮೇಹ ಇರುವವರಿಗೆ ಊಟದ ಒಂದೆರಡು ಗಂಟೆಯ ನಂತರ 180ರ ಒಳಗೆ ಇರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ವಯಸ್ಸಾದವರಿಗೆ, ಬಸುರಿಯರಿಗೆ ಗುರಿ ಬೇರೆ ಇರುತ್ತದೆ. ಅದನ್ನು ನಿಮ್ಮ ಡಾಕ್ಟರ್ ಹತ್ತಿರವೇ ಕೇಳಿಕೊಳ್ಳಿ.

ಬೆಳಗಿನ ತಿಂಡಿಯ ಮೇಲೇ ಯಾಕೆ ಕಣ್ಣು ಅಂತೀರಾ? ನಸುಕಿನಲ್ಲಿ ದೇಹ ನಮ್ಮನ್ನು ಏಳಿಸಲು ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಆಗ ಲಿವರ್ ತಾನೇ ರಕ್ತಕ್ಕೆ ಸಕ್ಕರೆ ಸುರಿಯುತ್ತದೆ. ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್ ಕೂಡ ಸ್ವಲ್ಪ ಮಂದವಾಗಿ ಕೆಲಸ ಮಾಡುತ್ತದೆ. ಹಾಗಾಗಿ ಮಧುಮೇಹ ಇರುವ ಬಹಳ ಜನರಿಗೆ ಮಧ್ಯಾಹ್ನ ಏನೂ ಮಾಡದ ಎರಡು ರೊಟ್ಟಿ ಬೆಳಗ್ಗೆ ಜೋರಾಗಿ ಏರಿಸುತ್ತದೆ.

ಇದನ್ನು ಓದದೆ ಮುಂದೆ ಹೋಗಬೇಡಿ

ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದೀರಾ? ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಥರದ ಮಾತ್ರೆ ನುಂಗುತ್ತಿದ್ದೀರಾ? ಹಾಗಿದ್ದರೆ ಡಾಕ್ಟರಿಗೆ ಹೇಳದೆ ತಿಂಡಿ ಕಡಿಮೆ ಮಾಡಬೇಡಿ. ಔಷಧ ಅಷ್ಟೇ ಇದ್ದು ರೊಟ್ಟಿ ಅರ್ಧ ಆದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಕೈ ನಡುಗುವುದು, ಬೆವರುವುದು, ಎದೆ ಡವಡವ ಅನ್ನುವುದು, ತಲೆ ಮಂಕಾಗುವುದು ಅದರ ಲಕ್ಷಣ. ಆಗ 15 ಗ್ರಾಂ ಸಕ್ಕರೆ ಅಂದರೆ ಮೂರು ಚಿಕ್ಕ ಚಮಚ ನೀರಲ್ಲಿ ಕಲಸಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಏರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ತೋಟದ ಒಳಗೆ ಒಬ್ಬರೇ ಕೆಲಸ ಮಾಡುವವರು ಜೇಬಿನಲ್ಲಿ ಒಂದಿಷ್ಟು ಸಕ್ಕರೆ ಅಥವಾ ಗ್ಲುಕೋಸ್ ಪುಡಿ ಇಟ್ಟುಕೊಳ್ಳಲೇಬೇಕು.

ಕಿಡ್ನಿ ತೊಂದರೆ ಇರುವವರು ಮೊಟ್ಟೆ, ಕಾಳು ಜಾಸ್ತಿ ಮಾಡುವ ಮುಂಚೆಯೂ ಕೇಳಿಕೊಳ್ಳಿ.

ಬೇಕಾಗುವುದು

ಗ್ಲುಕೋಮೀಟರ್, ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್ ಒಂದು ಡಬ್ಬಿ, ಅಡುಗೆಮನೆಯ ಸಣ್ಣ ತಕ್ಕಡಿ, ಒಂದು ನೋಟ್‌ಬುಕ್. ಇಷ್ಟೇ. ಒಂದು ತಿಂಡಿಗೆ ಎರಡು ಸ್ಟ್ರಿಪ್ ಬೇಕು. 25ರ ಡಬ್ಬಿಯಲ್ಲಿ 12 ತಿಂಡಿ ಆಗುತ್ತದೆ.

ನಮ್ಮ ಕಡೆ ಸ್ಟ್ರಿಪ್ಪಿಗೆ ದೊಡ್ಡ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪೇ ನೀರಾಗುತ್ತದೆ, ಸ್ಟ್ರಿಪ್ ಯಾವ ಲೆಕ್ಕ? ಒಂದು ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿ ಮುಚ್ಚಳ ಒತ್ತಿ ಹಾಕಿ. ಬೇರೆ ಪ್ಲಾಸ್ಟಿಕ್ ಕವರಿಗೆ ಸುರಿದಿಡಬೇಡಿ, ಮೂಲ ಡಬ್ಬಿಯ ಒಳಗೇ ತೇವ ಹೀರುವ ವ್ಯವಸ್ಥೆ ಇರುತ್ತದೆ. ಬೆಚ್ಚಗಿರಲಿ ಅಂತ ಒಲೆ ಪಕ್ಕ ಇಡುವುದೂ ಬೇಡ, ಫ್ರಿಜ್ಜೂ ಬೇಡ.

ಹಂತ 1: ಮೂರು ದಿನ ಏನನ್ನೂ ಬದಲಾಯಿಸಬೇಡಿ

ಇದು ಯಾರಿಗೂ ಇಷ್ಟ ಆಗುವುದಿಲ್ಲ. ಇವತ್ತೇ ಶುರು ಮಾಡಿಬಿಡೋಣ ಅನಿಸುತ್ತದೆ. ಆದರೆ ಈಗ ಎಷ್ಟು ಏರುತ್ತಿದೆ ಅಂತ ಗೊತ್ತಿಲ್ಲದೆ ನಾಳೆ ಇಳಿಯಿತು ಅಂತ ಹೇಗೆ ಹೇಳುತ್ತೀರಿ? ಎಂದಿನ ತಿಂಡಿಯನ್ನೇ ತಿನ್ನಿ. ತಿನ್ನುವ ಮುಂಚೆ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಹೊತ್ತಿನಿಂದ ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ಪರೀಕ್ಷೆ ಮಾಡಿ. ತಿಂದು ಮುಗಿದ ಹೊತ್ತಿನಿಂದ ಲೆಕ್ಕ ಹಾಕಬೇಡಿ, ಎಷ್ಟೋ ಜನ ತಪ್ಪುವುದು ಇಲ್ಲೇ.

ಕೈಯನ್ನು ಸೋಪು ಹಾಕಿ ತೊಳೆದು, ಪೂರ್ತಿ ಒರೆಸಿಕೊಳ್ಳಿ. ನನಗೇ ಒಂದು ಸಲ 212 ತೋರಿಸಿ ಗಾಬರಿಯಾಗಿತ್ತು. ಸ್ವಲ್ಪ ಮುಂಚೆ ಕಿತ್ತಳೆ ಸುಲಿದು ಮೊಮ್ಮಗಳಿಗೆ ಕೊಟ್ಟಿದ್ದೆ, ಬೆರಳಿನಲ್ಲಿ ರಸ ಹಾಗೇ ಇತ್ತು. ತೊಳೆದು ನೋಡಿದರೆ 148. ಚುಚ್ಚುವಾಗ ಬೆರಳ ತುದಿಯ ಮಧ್ಯಕ್ಕೆ ಬೇಡ, ಬದಿಗೆ ಚುಚ್ಚಿ, ನೋವು ಕಡಿಮೆ. ಮೀಟರಿನ ಲೆಕ್ಕ ಶೇ 15ರಷ್ಟು ಆಚೀಚೆ ಆಗಬಹುದು. ಹಾಗಾಗಿ 152, 158ರ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಹಂತ 2: ಆರು ಗಂಟೆಯ ಬೆಲ್ಲದ ಕಾಫಿ

ಎಲ್ಲರೂ ರೊಟ್ಟಿಯನ್ನೇ ಬೈಯುತ್ತಾರೆ. ಅದಕ್ಕಿಂತ ಎರಡು ಗಂಟೆ ಮುಂಚೆ ಕುಡಿದ ದೊಡ್ಡ ಲೋಟ ಕಾಫಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಅದರಲ್ಲಿ ಎರಡು ಮೂರು ಚಮಚ ಬೆಲ್ಲ ಇದೆ. ಅಂದರೆ 10ರಿಂದ 15 ಗ್ರಾಂ. ಸಕ್ಕರೆ ತೀರಾ ಕೆಳಗೆ ಇಳಿದವರಿಗೆ ಬೇಗ ಏರಿಸಲು ಎಷ್ಟು ಕೊಡಬೇಕು ಅಂತ ಮೇಲೆ ಹೇಳಿದೆ? 15 ಗ್ರಾಂ, ನೀರಲ್ಲಿ ಕಲಸಿ. ಖಾಲಿ ಹೊಟ್ಟೆಗೆ ನಾವು ದಿನಾ ಕುಡಿಯುತ್ತಿರುವುದು ಹೆಚ್ಚುಕಡಿಮೆ ಅದನ್ನೇ.

"ಬೆಲ್ಲ ಅಲ್ವಾ, ಸಕ್ಕರೆ ಅಲ್ಲವಲ್ಲ" ಅನ್ನುತ್ತಾರೆ. ಬೆಲ್ಲದ ಬಹುಪಾಲು ಸಕ್ಕರೆಯೇ. ಅದರಲ್ಲಿ ಸ್ವಲ್ಪ ಖನಿಜಾಂಶ ಇದೆ, ನಿಜ. ಅದಕ್ಕಾಗಿ ರಕ್ತದ ಸಕ್ಕರೆ ಏರದೆ ಇರುವುದಿಲ್ಲ. ನಮ್ಮ ಕೊಡಗಿನ ಜೇನುತುಪ್ಪಕ್ಕೂ ಇದೇ ಮಾತು.

ಬೆಲ್ಲವನ್ನು ಒಂದೇ ದಿನದಲ್ಲಿ ಬಿಡಲು ಹೋದರೆ ನಾಲ್ಕನೇ ದಿನಕ್ಕೆ ಮತ್ತೆ ಶುರುವಾಗುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿ. ಡಿಕಾಕ್ಷನ್ ಸ್ವಲ್ಪ ತೆಳ್ಳಗೆ ಮಾಡಿದರೆ ಕಹಿ ಕಡಿಮೆಯಾಗಿ ಬೆಲ್ಲ ಬೇಡುವುದಿಲ್ಲ. ಮನೆಗೆ ಪುಡಿ ಮಾಡಿಸುವವರು ಅರೇಬಿಕಾ ಪಾಲು ಜಾಸ್ತಿ ಮಾಡಿ ನೋಡಿ. ರೊಬಸ್ಟಾದಲ್ಲಿ ಕಹಿಯೂ ಜಾಸ್ತಿ, ಕೆಫೀನ್ ಕೂಡ ಅರೇಬಿಕಾದ ಸುಮಾರು ಎರಡು ಪಟ್ಟು.

ಕೆಫೀನಿನ ಮಾತು ಸುಮ್ನೆ ತೆಗೆದದ್ದಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ರಾತ್ರಿ ನಿದ್ದೆ ಕೆಟ್ಟಿದ್ದ ಆರೋಗ್ಯವಂತರಿಗೆ ಬೆಳಗ್ಗೆ ಸ್ಟ್ರಾಂಗ್ ಕಪ್ಪು ಕಾಫಿ ಕೊಟ್ಟು, ಆಮೇಲೆ ಸಕ್ಕರೆ ನೀರು ಕುಡಿಸಿದಾಗ ರಕ್ತದ ಸಕ್ಕರೆಯ ಏರಿಕೆ ಶೇ 50ರಷ್ಟು ಜಾಸ್ತಿ ಕಂಡಿತು. ಅದಕ್ಕಾಗಿ ಕಾಫಿ ನಾಡಿನಲ್ಲಿ ಕೂತು ಕಾಫಿ ಬಿಡಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ, ಅಗತ್ಯವೂ ಇಲ್ಲ. ಎಂದಿನ ಕಾಫಿಯನ್ನು ತಿಂಡಿಯ ನಂತರಕ್ಕೆ ತಳ್ಳಿ ನೋಡಿ. ಆಗದಿದ್ದರೆ ಬೆಳಗ್ಗೆ ಅರ್ಧ ಲೋಟ, ಸಿಹಿ ಇಲ್ಲದೆ. ಹಾಲು ಹಾಕಿದರೆ ತೊಂದರೆ ಇಲ್ಲ. 200 ಮಿಲಿ ಹಾಲಿನಲ್ಲಿ ಸುಮಾರು 10 ಗ್ರಾಂ ಹಾಲಿನದೇ ಸಕ್ಕರೆ ಇರುತ್ತದೆ ಅನ್ನುವುದು ನೆನಪಿರಲಿ.

ಹಂತ 3: ಅಕ್ಕಿ ಎಷ್ಟು ಅಂತ ತೂಗಿ

ಅಂದಾಜು ಬೇಡ. ಒಂದೇ ಒಂದು ದಿನ ತೂಗಿ, ಆಮೇಲೆ ಜೀವನಪೂರ್ತಿ ಆ ಲೆಕ್ಕ ಸಾಕು.

ಇಲ್ಲಿ ಒಂದು ಪದ ಬೇಕಾಗುತ್ತದೆ: ಕಾರ್ಬ್. ಅಂದರೆ ಪಿಷ್ಟ ಮತ್ತು ಸಕ್ಕರೆ, ಹೊಟ್ಟೆಯಲ್ಲಿ ಕರಗಿ ರಕ್ತದ ಸಕ್ಕರೆ ಆಗುವ ಭಾಗ. 100 ಗ್ರಾಂ ಒಣ ಅಕ್ಕಿಯಲ್ಲಿ, ಹಿಟ್ಟಾದರೂ ತರಿಯಾದರೂ, ಸುಮಾರು 78 ಗ್ರಾಂ ಕಾರ್ಬ್ ಇರುತ್ತದೆ.

ರೊಟ್ಟಿಗೆ ಹೀಗೆ ಮಾಡಿ. ಅನ್ನಕ್ಕೆ ಇಡುವ ಅಕ್ಕಿಯನ್ನು ತೂಗಿ, 100 ಗ್ರಾಂ ಅಂತಿಟ್ಟುಕೊಳ್ಳಿ. ಅನ್ನ ಮೆತ್ತಗೆ ಮಾಡಿ, ಅದಕ್ಕೆ ನಾದಿ ಸೇರಿಸುವ ಹಿಟ್ಟನ್ನೂ ತೂಗಿ, 200 ಗ್ರಾಂ. ಒಟ್ಟು 300 ಗ್ರಾಂ, ಅಂದರೆ ಸುಮಾರು 234 ಗ್ರಾಂ ಕಾರ್ಬ್. ಅದರಲ್ಲಿ ಹತ್ತು ರೊಟ್ಟಿ ಬಂದರೆ ಒಂದಕ್ಕೆ 23 ಗ್ರಾಂ. ಕಡಂಬುಟ್ಟಿಗೆ 250 ಗ್ರಾಂ ತರಿ ಹಾಕಿ 15 ಉಂಡೆ ಕಟ್ಟಿದರೆ ಒಂದು ಉಂಡೆಗೆ 13 ಗ್ರಾಂ. ನಿಮ್ಮ ಮನೆಯ ಉಂಡೆ ದೊಡ್ಡದಿದ್ದರೆ 20 ಗ್ರಾಂ ಕೂಡ ಆಗಬಹುದು. ಅಮ್ಮನ ಕೈ ಉಂಡೆಗೂ ಸೊಸೆಯ ಕೈ ಉಂಡೆಗೂ ವ್ಯತ್ಯಾಸ ಇರುತ್ತದೆ, ಅದಕ್ಕೇ ತೂಗಿ ಅಂದದ್ದು.

ಶುರುವಿಗೆ ಅಕ್ಕಿಯಿಂದ ಬರುವ ಕಾರ್ಬ್ 30ರಿಂದ 45 ಗ್ರಾಂ ಆಸುಪಾಸಿಗೆ ತನ್ನಿ. ಮೇಲಿನ ಅಳತೆಯಲ್ಲಿ ಒಂದೂವರೆಯಿಂದ ಎರಡು ರೊಟ್ಟಿ ಅಥವಾ ಮೂರು ಕಡಂಬುಟ್ಟು. ಕಾಫಿ ಕೊಯ್ಲಿಗೆ ಇಡೀ ದಿನ ನಿಲ್ಲುವವರಿಗೆ ಇಷ್ಟು ಸಾಲುವುದಿಲ್ಲ. ಅವರು ಎರಡು ಪಾಲು ಮಾಡಿ, ಏಳು ಗಂಟೆಗೆ ಅರ್ಧ, ಹತ್ತು ಗಂಟೆಗೆ ಅರ್ಧ ತಿನ್ನಲಿ.

ಅಕ್ಕಿ ತಿಂಡಿಗಳಲ್ಲೇ ಮೇಲು ಕೀಳು ಇದೆಯಾ? ಸ್ವಲ್ಪ ಇದೆ. ಹಿಟ್ಟು ನುಣ್ಣಗಾದಷ್ಟೂ ಬೇಗ ಕರಗುತ್ತದೆ. ಹಾಗಾಗಿ ತರಿಯ ಕಡಂಬುಟ್ಟು ಹಿಟ್ಟಿನ ನೂಪುಟ್ಟಿಗಿಂತ ಒಂದು ಕೂದಲೆಳೆ ಮೇಲು ಇರಬಹುದು. ನೂಪುಟ್ಟಿನ ಮೇಲೆ ಬೆಲ್ಲ ಹಾಕಿದ ಕಾಯಿಹಾಲು ಸುರಿದರೆ ಅದರ ಕಥೆ ಬೇರೆಯೇ. ಪಾಪುಟ್ಟಿಗೆ (ಅಕ್ಕಿ ತರಿ, ಕಾಯಿಯ ಹಬೆ ತಿಂಡಿ) ಸಕ್ಕರೆ ಹಾಕುವ ಮನೆಗಳೂ ಇವೆ, ಕೇಳಿ ತಿನ್ನಿ. ಆದರೆ ಎಷ್ಟು ತಿನ್ನುತ್ತೀರಿ ಅನ್ನುವುದರ ಮುಂದೆ ಈ ವ್ಯತ್ಯಾಸ ಏನೇನೂ ಅಲ್ಲ. "ತರಿ ಒಳ್ಳೇದಂತೆ" ಅಂತ ಎಂಟು ಕಡಂಬುಟ್ಟು ತಿಂದರೆ ನನ್ನನ್ನು ಬೈಯಬೇಡಿ.

ಹಂತ 4: ಖಾಲಿಯಾದ ಜಾಗ ತುಂಬಿ

ನಾಲ್ಕು ರೊಟ್ಟಿ ತಿನ್ನುತ್ತಿದ್ದವರು ಎರಡಕ್ಕೆ ಇಳಿದು, ಜೊತೆಗೆ ಅದೇ ಒಂದು ಚಮಚ ಚಟ್ನಿ ಇಟ್ಟುಕೊಂಡರೆ ಹನ್ನೊಂದಕ್ಕೆ ಹಸಿವು. ಹನ್ನೊಂದಕ್ಕೆ ಬನ್ನು, ಬಿಸ್ಕೆಟ್ಟು. ಮುಗಿಯಿತು. ತಟ್ಟೆಯಲ್ಲಿ ಪ್ರೋಟೀನ್ ಮತ್ತು ನಾರು ಇರಲೇಬೇಕು. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಹಾಗಾಗಿ ಅಕ್ಕಿಯೂ ನಿಧಾನವಾಗಿ ಕರಗುತ್ತದೆ.

ಮೊಟ್ಟೆ ಎಲ್ಲಕ್ಕಿಂತ ಸುಲಭ. ಎರಡು ಮೊಟ್ಟೆಯಲ್ಲಿ 12 ಗ್ರಾಂ ಪ್ರೋಟೀನ್, ಕಾರ್ಬ್ ಲೆಕ್ಕಕ್ಕೇ ಇಲ್ಲ. ಮೊಟ್ಟೆ ತಿನ್ನದವರಿಗೆ ಕಪ್ಪು ಕಡಲೆ, ಹೆಸರುಕಾಳು, ಅವರೆಕಾಳು. ನೂಪುಟ್ಟಿಗೆ ಕಡಲೆ ಸಾರು ಹೇಗೂ ನಮಗೆ ಅಭ್ಯಾಸ ಇದೆ. ಅದರಲ್ಲಿ ರಸ ಜಾಸ್ತಿ, ಕಾಳು ಹತ್ತು ಅನ್ನುವ ಹಾಗೆ ಬಡಿಸದೆ, ಅರ್ಧ ಬಟ್ಟಲು ಕಾಳೇ ಹಾಕಿಕೊಳ್ಳಿ. ಕಾಳಿನಲ್ಲೂ ಕಾರ್ಬ್ ಇದೆ. ಆದರೆ ನಾರು ಜಾಸ್ತಿ, ಕರಗುವುದು ನಿಧಾನ.

ಸೊಪ್ಪು ತರಕಾರಿಯಲ್ಲಿ ನಾವು ಬಡವರಲ್ಲ. ಮಳೆಗಾಲದಲ್ಲಿ ಕೆಸುವಿನ ಎಲೆ, ತೆರ್ಮೆ (ಜರಿಗಿಡ) ಸೊಪ್ಪು, ಕಣಿಲೆ (ಎಳೆ ಬಿದಿರು). ಕಣಿಲೆಯನ್ನು ಎಂದಿನಂತೆ ಹೆಚ್ಚಿ, ನೀರು ಬದಲಿಸುತ್ತಾ ನೆನೆಸಿ, ಚೆನ್ನಾಗಿ ಬೇಯಿಸಿಯೇ ಬಳಸಿ, ಹಸಿಯದರಲ್ಲಿ ವಿಷದ ಅಂಶ ಇರುತ್ತದೆ. ಬೇರೆ ಕಾಲದಲ್ಲಿ ಬೀನ್ಸ್, ಎಲೆಕೋಸು, ಬೆಂಡೆ, ಸಂತೆಯಲ್ಲಿ ಸಿಕ್ಕ ಯಾವ ಸೊಪ್ಪಾದರೂ ಸರಿ. ಆಲೂಗಡ್ಡೆ ಪಲ್ಯ ಮಾತ್ರ ತರಕಾರಿ ಲೆಕ್ಕಕ್ಕೆ ಬರುವುದಿಲ್ಲ, ಅದು ಇನ್ನೊಂದು ರೊಟ್ಟಿ ಇದ್ದ ಹಾಗೆ. ಕುಂಬಳಕಾಯಿ ಸಾರಿಗೆ ಬೆಲ್ಲ ಬಿದ್ದಿದೆಯಾ ನೋಡಿಕೊಳ್ಳಿ. ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಒಳ್ಳೆಯದೇ, ಕ್ಯಾಲರಿ ಜಾಸ್ತಿ ಇರುವುದರಿಂದ ಎರಡು ಚಮಚಕ್ಕೆ ನಿಲ್ಲಿಸಿ.

ಪಂದಿ (ಹಂದಿ) ಕರಿ? ಹಿಂದಿನ ದಿನದ್ದು ಮಿಕ್ಕಿದ್ದರೆ ಬೆಳಗ್ಗೆ ಕಡಂಬುಟ್ಟಿನ ಜೊತೆ ಬರುವುದೇ. ಮಾಂಸದಲ್ಲಿ ಕಾರ್ಬ್ ಇಲ್ಲ, ಆದರೆ ಕೊಬ್ಬು ಸಕ್ಕರೆಯ ಏರಿಕೆಯನ್ನು ಮುಂದಕ್ಕೆ ತಳ್ಳುತ್ತದೆ. ತಿಂದ ಎರಡು ಗಂಟೆಯ ನಂತರ ನೋಡಿದರೆ 140, ಆಹಾ ಅನಿಸುತ್ತದೆ. ನಾಲ್ಕು ಗಂಟೆಯ ನಂತರ ನೋಡಿದರೆ 190. ಅಂಥ ದಿನ ಇನ್ನೊಂದು ಸ್ಟ್ರಿಪ್ ಖರ್ಚು ಮಾಡಿ.

ಹಂತ 5: ತಿನ್ನುವ ಕ್ರಮ

ಇದಕ್ಕೆ ಕಾಸು ಖರ್ಚಿಲ್ಲ. ಮೊದಲು ಪಲ್ಯ ಮತ್ತು ಮೊಟ್ಟೆ ಅಥವಾ ಕಾಳು, ಕೊನೆಗೆ ರೊಟ್ಟಿ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು 2015ರಲ್ಲಿ 11 ಮಂದಿ ಮಧುಮೇಹಿಗಳ ಮೇಲೆ ಇದನ್ನು ನೋಡಿದರು. ಊಟ ಅದೇ, ಕ್ರಮ ಮಾತ್ರ ಬೇರೆ. ತರಕಾರಿ, ಕೋಳಿ ಮೊದಲು ತಿಂದು ಬ್ರೆಡ್ಡು, ಕಿತ್ತಳೆ ರಸ ಕೊನೆಗೆ ತೆಗೆದುಕೊಂಡಾಗ ಒಂದು ಗಂಟೆಯ ಹೊತ್ತಿಗೆ ಸಕ್ಕರೆ ಶೇ 37ರಷ್ಟು ಕಡಿಮೆ ಇತ್ತು. 11 ಮಂದಿ ಅಂದರೆ ಚಿಕ್ಕ ಲೆಕ್ಕವೇ. ಆದರೆ ಮಾಡಿ ನೋಡಲು ಏನು ಕಷ್ಟ?

ನಮ್ಮ ಮನೆಗಳಲ್ಲಿ ಇದು ತಾನಾಗಿ ಹೊಂದುತ್ತದೆ. ರೊಟ್ಟಿ ಹೇಗೂ ಒಂದೊಂದಾಗಿ ಬರುವುದು. ಅದು ಕಾವಲಿಯಲ್ಲಿ ಬೆಂದು, ಕೆಂಡದ ಮೇಲೆ ಉಬ್ಬುವವರೆಗೆ ಸುಮ್ಮನೆ ಕೂರುವ ಬದಲು ಪಲ್ಯ ಖಾಲಿ ಮಾಡಿ. ಪೂರ್ತಿ ಬೇಡ, ಮುಕ್ಕಾಲು ಪಾಲು. ರೊಟ್ಟಿಗೆ ನಂಚಿಕೊಳ್ಳಲು ಒಂದಿಷ್ಟು ಇರಲಿ, ಇಲ್ಲದಿದ್ದರೆ ಇನ್ನೊಂದು ಸಲ ಚಟ್ನಿ, ಅದರ ನೆಪದಲ್ಲಿ ಮೂರನೇ ರೊಟ್ಟಿ.

ಹಂತ 6: ಹದಿನೈದು ನಿಮಿಷ ನಡಿಗೆ

ತಿಂದು ಅರ್ಧ ಗಂಟೆಯ ಒಳಗೆ. ನಡೆಯುವ ಸ್ನಾಯುಗಳು ರಕ್ತದಿಂದ ನೇರವಾಗಿ ಸಕ್ಕರೆ ಎಳೆದುಕೊಳ್ಳುತ್ತವೆ. ಓಡಬೇಕಾಗಿಲ್ಲ. ಮಳೆಗಾಲದಲ್ಲಿ ಜಿಗಣೆ, ಆನೆ ಓಡಾಡುವ ಕಡೆ ತೋಟದ ದಾರಿ ಬೇಡವೇ ಬೇಡ. ಮನೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯಿರಿ, ಮಳೆ ಬಿಟ್ಟರೆ ಕಾಫಿ ಒಣಗಿಸುವ ಕಣ ಇದೆಯಲ್ಲ, ಸಮತಟ್ಟು, ಮನೆಯ ಹತ್ತಿರವೇ.

ಹಂತ 7: ಒಂದು ಸಲಕ್ಕೆ ಒಂದೇ ಬದಲಾವಣೆ

ಕಾಫಿ, ರೊಟ್ಟಿ, ನಡಿಗೆ ಎಲ್ಲ ಒಂದೇ ದಿನ ಬದಲಾಯಿಸಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ. ಒಂದೊಂದನ್ನು ಮೂರು ದಿನ ಇಟ್ಟು ನೋಡಿ. ನೋಟ್‌ಬುಕ್ಕಿನಲ್ಲಿ ಒಂದು ದಿನಕ್ಕೆ ಒಂದು ಸಾಲು: "2 ರೊಟ್ಟಿ, 2 ಮೊಟ್ಟೆ, ಬೀನ್ಸ್, ಕಾಫಿ ಆಮೇಲೆ. 118, 161." ಮುಂಚಿನ ಮತ್ತು ನಂತರದ ಲೆಕ್ಕದ ವ್ಯತ್ಯಾಸ 50ರ ಒಳಗೆ ಇದ್ದರೆ ನಾನು ಆ ತಿಂಡಿಯನ್ನು ಉಳಿಸಿಕೊಳ್ಳುತ್ತೇನೆ. ಎಲ್ಲ ಮಾಡಿಯೂ ತಿಂಡಿಯ ನಂತರ 200 ದಾಟುತ್ತಲೇ ಇದ್ದರೆ, ಅಥವಾ ಖಾಲಿ ಹೊಟ್ಟೆಯದೇ 130ರ ಮೇಲೆ ನಿಂತಿದ್ದರೆ ಆ ನೋಟ್‌ಬುಕ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ. ಅಲ್ಲಿಂದ ಮುಂದೆ ಅದು ತಿಂಡಿಯ ವಿಷಯ ಅಲ್ಲ, ಔಷಧದ ವಿಷಯ.

ಜನ ಎಡವುವ ಜಾಗಗಳು

ರಾಗಿ. "ಅಕ್ಕಿ ಬಿಟ್ಟು ರಾಗಿ ಗಂಜಿ ಕುಡಿಯುತ್ತಿದ್ದೇನೆ, ಆದರೂ ಇಳಿದಿಲ್ಲ" ಅನ್ನುವವರು ಬಹಳ. ರಾಗಿಯಲ್ಲಿ ನಾರು, ಸುಣ್ಣದಂಶ ಜಾಸ್ತಿ. ಆದರೆ ಕಾರ್ಬ್ ಅಕ್ಕಿಗಿಂತ ಸ್ವಲ್ಪವೇ ಕಡಿಮೆ. ನುಣ್ಣನೆ ಹಿಟ್ಟನ್ನು ತೆಳ್ಳಗೆ ಕುದಿಸಿ ಕುಡಿದರೆ ಅಗಿಯುವ ಕೆಲಸವೂ ಇಲ್ಲ, ಸೀದಾ ಏರುತ್ತದೆ. ಮುದ್ದೆ ಅಥವಾ ರೊಟ್ಟಿ ಮಾಡಿ, ಅದನ್ನೂ ತೂಗಿ. ಎರಡು ನಿಮಿಷದಲ್ಲಿ ಆಗುವ ಓಟ್ಸ್ ಕೂಡ ಇದೇ ಜಾತಿ.

ಕಿತ್ತಳೆಯನ್ನು ತೊಳೆ ಬಿಡಿಸಿ ಒಂದು ತಿನ್ನಿ. ಹಿಂಡಿದರೆ ಒಂದು ಲೋಟಕ್ಕೆ ಮೂರು ನಾಲ್ಕು ಹಣ್ಣು ಬೇಕು, ನಾರು ಹಿಂದೆ ಉಳಿಯುತ್ತದೆ.

ಪಂದಿ ಕರಿಗೆ ಹಾಕುವ ಕಪ್ಪು ಹುಳಿ ಕಾಚಂಪುಳಿಯನ್ನು ನೀರಿಗೆ ಹಾಕಿ ಕುಡಿದರೆ ಶುಗರ್ ಇಳಿಯುತ್ತದೆ ಅನ್ನುವವರಿದ್ದಾರೆ. ವಿನೆಗರ್ ಬಗ್ಗೆ ಇರುವ ಮಾತನ್ನು ಯಾರೋ ಇದಕ್ಕೆ ಅಂಟಿಸಿದ್ದಾರೆ. ಎರಡರ ಹುಳಿಯೂ ಬೇರೆ ಬೇರೆ. ಕರಿಗೆ ಹಾಕಿ, ಲೋಟಕ್ಕೆ ಬೇಡ. ಕಕ್ಕಡ (ಕೊಡವ ಪಂಚಾಂಗದ ಮಳೆಗಾಲದ ತಿಂಗಳು) 18ರ ಮದ್ದುಸೊಪ್ಪಿನ ಪಾಯಸಕ್ಕೂ ಮದ್ದಿನ ಹೆಸರು ಇದೆ, ಜೊತೆಗೆ ಬೆಲ್ಲವೂ ಇದೆ. ವರ್ಷಕ್ಕೊಂದು ದಿನ, ಒಂದು ಸಣ್ಣ ಬಟ್ಟಲು ಸವಿಯಿರಿ, ಅದನ್ನು ಔಷಧದ ಲೆಕ್ಕಕ್ಕೆ ಬರೆಯಬೇಡಿ.

ತಿಂಡಿಯನ್ನೇ ಬಿಡುವವರು ಮಧ್ಯಾಹ್ನದ ಊಟದ ನಂತರ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಬಹಳ ಮಂದಿಗೆ ಆಗ ಇನ್ನೂ ಜಾಸ್ತಿ ಏರಿರುತ್ತದೆ.

ಕೊನೆಯದು ನೆಂಟರ ಮನೆ. ಅಲ್ಲಿ ಬೆಲ್ಲದ ಕಾಫಿ ಬಂದ ಮೇಲೆ "ನನಗೆ ಬೆಲ್ಲ ಬೇಡ" ಅಂದರೆ ಪ್ರಯೋಜನ ಇಲ್ಲ, ಬೆಲ್ಲ ಪಾತ್ರೆಯಲ್ಲೇ ಕುದಿದಿರುತ್ತದೆ. ಬೇರೆ ಮಾಡಿಸಲು ಅವರಿಗೂ ಕಷ್ಟ, ನಮಗೂ ಸಂಕೋಚ. ಹಾಗಾಗಿ ಬಾಗಿಲು ದಾಟುವಾಗಲೇ, ಇನ್ನೂ ನೀರಿಡುವ ಮುಂಚೆಯೇ ಹೇಳಿಬಿಡಿ: "ಅಕ್ಕಾ, ನನ್ನದು ಅರ್ಧ ಲೋಟ, ಬೆಲ್ಲ ಹಾಕೋ ಮುಂಚೆ ತೆಗೆದಿಟ್ಟುಬಿಡಿ."